ಮೌತ್ ಆರ್ಗನ್ ಮತ್ತೆ ಕೈಗೆ ಬಂದಾಗ

ಪ್ರಶ್ನೆ: ಮೇಡಂ, ನಮಸ್ಕಾರ. ಕಾಲೇಜಿನಲ್ಲಿ ಮೌತ್ ಆರ್ಗನ್ ಚೆನ್ನಾಗಿ ನುಡಿಸುತ್ತಿದ್ದೆ. ಗ್ಯಾದರಿಂಗ್ ಬಂತೆಂದರೆ ನನ್ನ ಹೆಸರು ಖಾಯಂ. ಆಮೇಲೆ ನೌಕರಿ, ಸಂಸಾರ ಅಂತ ಮೂವತ್ತು ವರ್ಷ ಮುಟ್ಟಲೇ ಇಲ್ಲ. ನಿವೃತ್ತಿಯಾದ ದಿನ ಮಗ ಹತ್ತು ತೂತಿನ ಸಣ್ಣದೊಂದು ತಂದುಕೊಟ್ಟ. ನಾನು ಆಗ ನುಡಿಸುತ್ತಿದ್ದದ್ದು ಉದ್ದನೆಯದು, ಎರಡು ಸಾಲು ತೂತಿನದು. ಈಗ ಯಾವ ಸ್ವರ ಹಿಡಿದರೂ ಪಕ್ಕದ್ದೂ ಜೊತೆಗೆ ಬರುತ್ತದೆ. ಎರಡು ಮತ್ತು ಮೂರನೇ ತೂತಿನಲ್ಲಿ ಉಸಿರು ಎಳೆದರೆ ಗೊರಗೊರ ಸದ್ದು. ಐದು ನಿಮಿಷಕ್ಕೇ ದಮ್ಮು ಹತ್ತುತ್ತದೆ. ನನಗೆ ವಯಸ್ಸಾಯಿತಾ, ಅಥವಾ ಪೀಸೇ ಕೆಟ್ಟದ್ದಾ?
– ಓದುಗರು, ಜಮಖಂಡಿ

ಉತ್ತರ: ನಿಮ್ಮ ಪತ್ರ ಓದಿ ನನಗೆ ನನ್ನದೇ ದಿನಗಳು ನೆನಪಾದವು. ಇಪ್ಪತ್ತೆರಡು ವರ್ಷದ ನಂತರ ಅಪ್ಪನ ಮೌತ್ ಆರ್ಗನ್ ಬಾಯಿಗಿಟ್ಟಾಗ ನನಗೂ ಇದೇ ಅನುಮಾನ ಬಂದಿತ್ತು. ವಯಸ್ಸಿನ ಮಾತು ಬಿಡಿ. ನಿಮ್ಮ ಕೈಗೆ ಬಂದಿರುವುದು ಹಳೆಯ ವಾದ್ಯ ಅಲ್ಲವೇ ಅಲ್ಲ, ಬೇರೆ ವಾದ್ಯ.

ನೀವು ಕಾಲೇಜಿನಲ್ಲಿ ನುಡಿಸಿದ್ದು ಟ್ರೆಮೊಲೊ. ಅದರಲ್ಲಿ ಮೇಲೊಂದು ಕೆಳಗೊಂದು ತೂತು, ಎರಡಕ್ಕೂ ಒಂದೇ ಸ್ವರದ ರೀಡು, ಅಂದರೆ ಉಸಿರಿಗೆ ಅಲುಗಿ ನುಡಿಯುವ ತೆಳು ಲೋಹದ ಪಟ್ಟಿ. ಒಂದರ ಶ್ರುತಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಆಚೀಚೆ ಇರುತ್ತದೆ. ಆ ಅಲೆ ಅಲೆಯಾದ ನಾದ ಬರುವುದು ಅದರಿಂದಲೇ. ನಿಮ್ಮ ತಕರಾರಿಗೆ ಉತ್ತರ ಇರುವುದು ಮುಂದಿನ ಮಾತಿನಲ್ಲಿ. ಟ್ರೆಮೊಲೊದಲ್ಲಿ ಊದುವ ಸ್ವರಕ್ಕೂ ಎಳೆಯುವ ಸ್ವರಕ್ಕೂ ಬೇರೆ ಬೇರೆ ಮನೆ, ಅಂದರೆ ಬೇರೆ ಬೇರೆ ತೂತು. ಬಾಯಿ ಸ್ವಲ್ಪ ಅಗಲವಾಗಿ ಎರಡು ಮನೆ ಮುಚ್ಚಿದರೂ ಊದಿದಾಗ ಒಂದೇ ನುಡಿಯುತ್ತದೆ, ಎಳೆದಾಗ ಇನ್ನೊಂದು. ಹತ್ತು ತೂತಿನದರಲ್ಲಿ ಹಾಗಿಲ್ಲ. ಒಂದೊಂದು ತೂತಿನಲ್ಲೂ ಊದುವ ರೀಡು, ಎಳೆಯುವ ರೀಡು ಎರಡೂ ಇವೆ. ತುಟಿ ಸ್ವಲ್ಪ ಜರುಗಿದರೂ ಪಕ್ಕದ್ದು ಕೂಗಿಬಿಡುತ್ತದೆ. ಅಂದರೆ ನೀವು ಕಲಿತದ್ದು ಮರೆತಿಲ್ಲ. ಒಂದೇ ತೂತು ಹಿಡಿಯುವುದನ್ನು ಆಗ ಕಲಿಯುವ ಗರಜೇ ಇರಲಿಲ್ಲ.

ಇನ್ನು ಆ ಗೊರಗೊರ. ಮೊದಲು ಪೀಸು ಸರಿ ಇದೆಯಾ ನೋಡಿಬಿಡಿ. ಒಂದನೇ ಮತ್ತು ಮೂರನೇ ತೂತನ್ನು ಎರಡು ತೋರುಬೆರಳಿನಿಂದ ಮುಚ್ಚಿ, ಎರಡನೆಯದರಲ್ಲಿ ಮೆಲ್ಲಗೆ ಉಸಿರು ತೆಗೆದುಕೊಳ್ಳಿ. ಸ್ವರ ದುಂಡಗೆ ಬಂತೋ, ರೀಡು ಚೆನ್ನಾಗಿದೆ. ಬರದಿದ್ದರೆ ಒಳಗೆ ಏನೋ ಸಿಕ್ಕಿರಬಹುದು. ಅಪ್ಪನದನ್ನು ನಾನು ಒಂದು ಅಂಗಡಿಗೆ ಒಯ್ದಾಗ, ರೀಡು ಹೋಗಿದೆ, ಹೊಸದು ತಗೊಳ್ಳಿ ಎಂದರು. ಮನಸ್ಸು ಬರಲಿಲ್ಲ. ಪೇಟಿ, ಅಂದರೆ ಹಾರ್ಮೋನಿಯಂ, ರಿಪೇರಿ ಮಾಡುವ ಅಜ್ಜ ಒಬ್ಬರಿದ್ದರು, ಅವರ ಹತ್ತಿರ ಹೋದೆ. ಪೇಟಿಯಲ್ಲಿರುವುದೂ ಇದೇ ಜಾತಿಯ ಹಿತ್ತಾಳೆ ರೀಡು ಅಲ್ವಾ? ಅವರು ಎರಡು ಸ್ಕ್ರೂ ಬಿಚ್ಚಿ, ಮೇಲಿನ ತಗಡು ತೆಗೆದು, ಕಿಟಕಿಯ ಬೆಳಕಿಗೆ ಹಿಡಿದರು. ಮೂರನೇ ತೂತಿನ ರೀಡಿನ ತುದಿಯಲ್ಲಿ ಒಂದು ಬಿಳಿ ನೂಲಿನ ಎಳೆ! ಅಮ್ಮ ವಾದ್ಯವನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟಿದ್ದಳು. ಅಜ್ಜ ತೆಳು ಕಾಗದದ ಚೂರನ್ನು ಸಂದಿಗೆ ಸರಿಸಿ ಎಳೆ ಹೊರಗೆ ತಂದರು. ಸ್ವರ ತಿರುಗಿ ಬಂತು. ದುಡ್ಡು ತಗೊಳ್ಳಲಿಲ್ಲ, ಒಂದು ಭಜನೆ ನುಡಿಸು ಎಂದರು.

ನಿಮ್ಮದರಲ್ಲಿ ನೂಲು ಇಲ್ಲದಿದ್ದರೆ ಹೆಚ್ಚಾಗಿ ಕಾರಣ ಇದು: ನೀವು ಜೋರಾಗಿ ಎಳೆಯುತ್ತಿದ್ದೀರಿ. ಎಡಗಡೆಯ ರೀಡುಗಳು ಉದ್ದ, ನಿಧಾನಕ್ಕೆ ಅಲುಗುತ್ತವೆ. ಸ್ಟ್ರಾ ಹಾಕಿ ಎಳನೀರು ಹೀರಿದ ಹಾಗೆ ಹೀರಿದರೆ ಉಸಿರುಗಟ್ಟಿದಂತೆ ಶ್ರುತಿಯಿಂದ ಕೆಳಗೆ ಜಾರುತ್ತವೆ. ಬಾಯೊಳಗೆ ಜಾಗ ಮಾಡಿ, 'ಆ' ಅನ್ನುವಾಗ ಇರುವಷ್ಟು. ನಾಲಿಗೆ ಕೆಳಗೆ ಮಲಗಿರಲಿ. ವಾದ್ಯ ತುಟಿಯ ತುದಿಯಲ್ಲಿ ಬೇಡ, ತುಟಿಯ ಒಳಗಿನ ಹಸಿ ಭಾಗಕ್ಕೆ ತಾಗುವಷ್ಟು ಒಳಗೆ ಇರಲಿ. ಆಮೇಲೆ ಹೊಟ್ಟೆಯಿಂದ ಸುಮ್ನೆ ಉಸಿರಾಡಿ. ದಮ್ಮು ಹತ್ತುವುದಕ್ಕೂ ಇದೇ ಕಾರಣ. ಎಳೆಯುವ ಸ್ವರ ಜಾಸ್ತಿ ಬಂದಾಗ ಎದೆ ತುಂಬಿಹೋಗುತ್ತದೆ. ಉಸಿರು ಸಾಲದೆ ಬರುವ ದಮ್ಮಲ್ಲ ಅದು, ಹೆಚ್ಚಾಗಿ ಬರುವ ದಮ್ಮು. ಸಾಲಿನ ಕೊನೆಗೆ ಮೂಗಿನಿಂದ ಹೊರಗೆ ಬಿಟ್ಟುಬಿಡಿ.

ರಿಯಾಜಿಗೆ ಹಳೆಯ ಹಾಡು ತೆಗೆಯಬೇಡಿ, ಹಳೆಯ ವೇಗ ತಾನಾಗಿ ಬಂದು ಕೆಡಿಸುತ್ತದೆ. ನಿಮ್ಮದು ಸಿ ಸ್ಕೇಲಿನದಾದರೆ ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ, ಪೇಟಿಯ ಬಿಳಿ ಒಂದಕ್ಕೆ, ಅಂದರೆ ಸಿ ಸ್ವರಕ್ಕೆ, ಶ್ರುತಿ ಇಟ್ಟುಕೊಳ್ಳಿ. ನಾಲ್ಕನೇ ತೂತು ಊದಿದರೆ ಸಾ, ಎಳೆದರೆ ರಿ. ಐದು ಊದಿದರೆ ಗ. ಆರು ಊದಿದರೆ ಪ, ಎಳೆದರೆ ಧ. ಏಳು ಊದಿದರೆ ಮೇಲಿನ ಸಾ. ಇಷ್ಟೇ ಸ್ವರ, ಅಂದರೆ ಭೂಪ ರಾಗ. ನಾನು ಭೂಪದಿಂದಲೇ ಶುರು ಮಾಡಿಸುವುದು, ಅದಕ್ಕೆ ಕಾರಣ ಇದೆ. ಮ ಐದನೆಯದನ್ನು ಎಳೆದರೆ, ನಿ ಏಳನೆಯದನ್ನು ಎಳೆದರೆ ಬರುತ್ತದೆ. ಧ ದಿಂದ ನಿ ಗೆ ಹೋಗುವಾಗ ಎರಡು ಸಲ ಬೆನ್ನುಬೆನ್ನಿಗೆ ಎಳೆಯಬೇಕು, ಅಲ್ಲಿವರೆಗಿನ ಊದು-ಎಳೆ ಲೆಕ್ಕ ತಿರುಗಿಬೀಳುತ್ತದೆ. ಎಲ್ಲರೂ ಎಡವುವುದು ಅಲ್ಲೇ. ಭೂಪದಲ್ಲಿ ಮ, ನಿ ಎರಡೂ ಇಲ್ಲ. ಹದಿನೈದು ದಿನ ಅದರಲ್ಲೇ ಇರಿ, ಒಂದೊಂದು ಸ್ವರ ನಾಲ್ಕು ಎಣಿಕೆ. ಬಾಯಿ ಪಳಗಿದ ಮೇಲೆ ಏಳೂ ಶುದ್ಧ ಸ್ವರದ ಬಿಲಾವಲ್ ಹಿಡಿಯಿರಿ. ಆಮೇಲೆ ನಾಲ್ಕನೆಯದನ್ನು ಎಳೆದು ಬರುವ ಸ್ವರವನ್ನೇ ಸಾ ಮಾಡಿಕೊಂಡು, ತಂಬೂರಿಯನ್ನೂ ಬಿಳಿ ಎರಡಕ್ಕೆ ಸರಿಸಿ ಮೇಲೆ ಹೋಗಿ ನೋಡಿ. ಅದೇ ತೂತುಗಳಲ್ಲಿ ಗ, ನಿ ಕೋಮಲವಾದ ಕಾಫಿ ಥಾಟು ಕೂತಿದೆ! ನನಗೆ ಅದು ಮೊದಲ ಸಲ ಕೇಳಿಸಿದ ಸಂಜೆ ತಿಲಕವಾಡಿಯ ನಮ್ಮ ಪಡಸಾಲೆಯಲ್ಲಿ ಹೊರಗೆ ಒಂದೇ ಸಮ ಮಳೆ. ರಾತ್ರಿ ಊಟಕ್ಕೆ ಎದ್ದಿರಲಿಲ್ಲ.

ಪ್ರಶ್ನೆ: ಸ್ವರವನ್ನು ಬಗ್ಗಿಸುವುದು, ಬೆಂಡ್ ಅನ್ನುತ್ತಾರಲ್ಲ, ಅದು ನನ್ನ ಟ್ರೆಮೊಲೊದಲ್ಲಿ ಬರುತ್ತಿಲ್ಲ. ಏನು ತಪ್ಪು?
– ಓದುಗರು, ಗೋಕಾಕ

ಉತ್ತರ: ತಪ್ಪು ನಿಮ್ಮದಲ್ಲ. ಒಂದೇ ಮನೆಯಲ್ಲಿ ಊದುವ, ಎಳೆಯುವ ರೀಡು ಎರಡೂ ಇದ್ದಾಗ ಮಾತ್ರ ಆ ತರಹ ಸ್ವರ ಬಗ್ಗುತ್ತದೆ. ಅದಕ್ಕೆ ಹತ್ತು ತೂತಿನದೇ ಬೇಕು. ಸಿ ಸ್ಕೇಲಿನದರಲ್ಲಿ ಎಡಗಡೆಯ ಸಪ್ತಕಕ್ಕೆ ಮ ಮತ್ತು ಧ ಇಲ್ಲ, ಗಮನಿಸಿರಬಹುದು. ಮ ಎರಡನೇ ತೂತಿನಲ್ಲಿ ಅಡಗಿದೆ, ಧ ಮೂರನೆಯದರಲ್ಲಿ. ಎಳೆಯುತ್ತಾ ನಾಲಿಗೆಯನ್ನು ಹಿಂದಕ್ಕೆ ಸರಿಸಿ 'ಈ' ಯಿಂದ 'ಊ' ಗೆ ಬಂದರೆ ಮೀಂಡಿನ ಹಾಗೆ, ಸ್ವರದಿಂದ ಸ್ವರಕ್ಕೆ ಜಾರಿದಂತೆ, ಇಳಿದು ಸಿಗುತ್ತವೆ. ಮೊದಲು ನಾಲ್ಕನೇ ತೂತಿನಲ್ಲಿ ಪ್ರಯತ್ನಿಸಿ, ಅದು ಸ್ವಲ್ಪ ಸುಲಭ. ಎಲ್ಲಾ ಹನ್ನೆರಡು ಸ್ವರವೂ ನೇರವಾಗಿ ಬೇಕೆಂದರೆ ಗುಂಡಿ ಇರುವ ಕ್ರೊಮ್ಯಾಟಿಕ್ ತೆಗೆದುಕೊಳ್ಳಿ. ಬೆಲೆ ಜಾಸ್ತಿ.

ಪ್ರಶ್ನೆ: ತೊಳೆಯಬಹುದಾ?
– ಓದುಗರು, ಇಳಕಲ್ಲು

ಉತ್ತರ: ಒಳಗಿನ ಹಲಗೆ ಕಟ್ಟಿಗೆಯದಾದರೆ ಖಂಡಿತ ಬೇಡ, ಉಬ್ಬಿಬಿಡುತ್ತದೆ. ನುಡಿಸಿದ ಮೇಲೆ ತೂತು ಕೆಳಗೆ ಮಾಡಿ ಅಂಗೈಗೆ ನಾಲ್ಕು ಸಲ ತಟ್ಟಿ, ಒಣಗಿದ ಮೇಲೆ ಡಬ್ಬಿಗೆ ಹಾಕಿ. ಕುಂದಾ ತಿಂದು, ಗಿರ್ಮಿಟ್ ತಿಂದು ಹಾಗೇ ಬಾಯಿಗಿಡಬೇಡಿ. ಮುಕ್ಕಳಿಸಿ ಬನ್ನಿ. ಚಳಿಗಾಲದಲ್ಲಿ ಐದು ನಿಮಿಷ ಅಂಗೈಯಲ್ಲಿ ಬೆಚ್ಚಗೆ ಹಿಡಿದಿರಿ. ತಣ್ಣನೆಯ ರೀಡಿಗೆ ಉಸಿರಿನ ನೀರು ಕೂತು ಸ್ವರ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಮನೆಯಲ್ಲಿ ಮೊಮ್ಮಗು ಮಲಗಿರುತ್ತದೆ. ರಿಯಾಜು ಎಲ್ಲಿ ಮಾಡಲಿ?
– ಓದುಗರು, ವಿಜಯಪುರ

ಉತ್ತರ: ಅಲ್ಲೇ, ಪಕ್ಕದ ಕೋಣೆಯಲ್ಲಿ. ಎರಡೂ ಅಂಗೈ ಬಟ್ಟಲಿನಂತೆ ಮುಚ್ಚಿ, ಮಗು ಏಳದಷ್ಟು ಮೆಲ್ಲಗೆ ಒಂದು ಸ್ವರ ಪೂರ್ತಿ ಉಸಿರಿನವರೆಗೆ ಹಿಡಿಯಿರಿ. ಜಮಖಂಡಿಯವರಿಗೆ ನಾನು ಹೇಳಿದ್ದೂ ಅದನ್ನೇ.