ಮೊಮ್ಮಕ್ಕಳ ಜೊತೆ ಅಡುಗೆ: ಮೊದಲು ಕೆಲಸ ಆರಿಸಿ, ಆಮೇಲೆ ತಿಂಡಿ

ಅಕ್ಕಾ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ಓದಿದೆ. ರಜೆಗೆ ಮೊಮ್ಮಕ್ಕಳು ಬರುತ್ತಿದ್ದಾರೆ, ಚಿಕ್ಕವಳಿಗೆ 4, ದೊಡ್ಡವನಿಗೆ 9. ಇಬ್ಬರನ್ನೂ ಅಡುಗೆಮನೆಗೆ ಸೇರಿಸಿಕೊಳ್ಳುವ ಆಸೆ ಇದೆ, ಆದರೆ ಬೆಂಕಿ, ಚಾಕು ಅಂದರೆ ಭಯ. ಮೇಲಾಗಿ ಚಿಕ್ಕವಳು ತರಕಾರಿ ಮುಟ್ಟುವುದೇ ಇಲ್ಲ. ಯಾವ ತಿಂಡಿಯಿಂದ ಶುರು ಮಾಡಲಿ ಅಂತ ಕೇಳಿದ್ದೀರಿ. ಮೂವರು ಮೊಮ್ಮಕ್ಕಳ ಜೊತೆ ಆರು ವರ್ಷದಿಂದ ಅಡುಗೆ ಮಾಡಿಕೊಂಡು ಬಂದಿದ್ದೇನೆ, ಹಾಗಾಗಿ ಉದ್ದಕ್ಕೇ ಬರೆಯುತ್ತೇನೆ.

ತಿಂಡಿಯಿಂದ ಶುರು ಮಾಡಬೇಡಿ, ಕೆಲಸದಿಂದ ಶುರು ಮಾಡಿ. ಈ ಮಗುವಿನ ಕೈಯಲ್ಲಿ ಮೊದಲಿಂದ ಕೊನೆವರೆಗೆ ಆಗುವ ಕೆಲಸ ಯಾವುದು ಅಂತ ನೋಡಿ, ಆ ಕೆಲಸ ಬೇಕಾಗುವ ತಿಂಡಿ ಹುಡುಕಿ. ನಾನು ಮೊದಲ ವರ್ಷ ಕೇಕ್ ಆರಿಸಿದ್ದೆ. ಅಳತೆ ಹಾಕಿದ್ದು ನಾನು, ಮೊಟ್ಟೆ ಒಡೆದಿದ್ದು ನಾನು, ಓವನ್ ಹತ್ತಿರ ನಿಂತಿದ್ದೂ ನಾನೇ. ಮೊಮ್ಮಗಳ ಪಾಲಿಗೆ ಉಳಿದಿದ್ದು ಚಮಚ ಹಿಡಿದುಕೊಂಡು ನಿಲ್ಲುವುದು. ಹತ್ತು ನಿಮಿಷಕ್ಕೆ ಎದ್ದು ಹೋದಳು. ಸುಮ್ಮನೆ ಸಮಾಧಾನಕ್ಕೆ ಕೊಟ್ಟ ಕೆಲಸ ಯಾವುದು, ನಿಜವಾದ ಕೆಲಸ ಯಾವುದು ಅಂತ ಮಕ್ಕಳಿಗೆ ಚೆನ್ನಾಗಿ ಗೊತ್ತಾಗುತ್ತದೆ.

ಮೊದಲ ದಿನಕ್ಕೆ ಬೆಣ್ಣೆ ಮಾಡಿಸಿ. ಒಲೆ ಬೇಡ, ಚಾಕು ಬೇಡ, ಇಬ್ಬರಿಗೂ ಕೈತುಂಬ ಕೆಲಸ. ಶೇಕಡಾ 35ರಷ್ಟು ಕೊಬ್ಬಿರುವ ಸಿಹಿ ಹಾಕದ ಕ್ರೀಮ್ ತನ್ನಿ. ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೂರನೇ ಒಂದು ಭಾಗ ಮಾತ್ರ ತುಂಬಿಸಿ, ಜಾಸ್ತಿ ತುಂಬಿಸಿದರೆ ಒಳಗೆ ಅಲುಗಾಡಲು ಜಾಗವೇ ಇರುವುದಿಲ್ಲ. ಫ್ರಿಜ್ಜಿನಿಂದ ತೆಗೆದು ಸ್ವಲ್ಪ ಹೊತ್ತು ಹೊರಗಿಟ್ಟರೆ ಬೇಗ ಆಗುತ್ತದೆ. ಸರದಿಯ ಮೇಲೆ ಕುಲುಕಲಿ. ಮೊದಲು ಗುಳುಗುಳು ಅನ್ನುತ್ತದೆ. ಕೆಲವು ನಿಮಿಷದಲ್ಲಿ ಸದ್ದೇ ನಿಂತುಹೋಗುತ್ತದೆ, ಕ್ರೀಮ್ ನೊರೆಯಾಗಿ ಡಬ್ಬಿಯ ಗೋಡೆಗೆ ಅಂಟಿಕೊಂಡಿರುತ್ತದೆ. ‘ಮುಗೀತು’ ಅಂತ ಮಕ್ಕಳು ಕೈಬಿಡುವುದು ಇಲ್ಲೇ. ‘ಇನ್ನೂ ಇದೆ, ಬಿಡಬೇಡಿ’ ಅನ್ನಿ. ಹತ್ತು ಹದಿನೈದು ನಿಮಿಷದ ಹೊತ್ತಿಗೆ ಒಳಗಿಂದ ದಪ್ ಅಂತ ಒಂದು ಸದ್ದು, ಕೈಗೆ ಭಾರ ಬಡಿದ ಹಾಗೆ. ಮುಚ್ಚಳ ತೆಗೆದರೆ ಹಳದಿ ಮುದ್ದೆ, ಸುತ್ತ ತೆಳ್ಳನೆ ಮಜ್ಜಿಗೆ. ಕೊಬ್ಬಿನ ಕಣಗಳ ಮೇಲಿನ ಪೊರೆ ಕುಲುಕಿದ ಹೊಡೆತಕ್ಕೆ ಒಡೆದು ಒಂದಕ್ಕೊಂದು ಅಂಟಿಕೊಂಡವು ಅಂತ ದೊಡ್ಡವನಿಗೆ ಹೇಳಿ, ಖುಷಿಪಡುತ್ತಾನೆ. ಮುದ್ದೆಯನ್ನು ತಣ್ಣೀರಿನಲ್ಲಿ ನೀರು ತಿಳಿಯಾಗುವವರೆಗೆ ತೊಳೆಯಿರಿ, ಮಜ್ಜಿಗೆ ಉಳಿದರೆ ಬೇಗ ಹುಳಿಯಾಗುತ್ತದೆ. ಚಿಟಿಕೆ ಉಪ್ಪು ಹಾಕಿ ಬ್ರೆಡ್ಡಿಗೆ ಸವರಿ ಕೊಡಿ. ನನ್ನ ಚಿಕ್ಕ ಮೊಮ್ಮಗ ಅವತ್ತು ಬಂದವರಿಗೆಲ್ಲ ಅದನ್ನೇ ತೋರಿಸುತ್ತಾ ಓಡಾಡಿದ್ದ.

ಎರಡು ಮೂರು ದಿನ ಬಿಟ್ಟು ಆಲೂಗಡ್ಡೆ ಬಿಲ್ಲೆ. ಇದರಲ್ಲಿ ಇಬ್ಬರಿಗೂ ಬೇರೆ ಬೇರೆ ಕೆಲಸ ಸಿಗುತ್ತದೆ, ಜಗಳ ಕಡಿಮೆ. ನಾಲ್ಕು ಮಧ್ಯಮ ಗಾತ್ರದ ಆಲೂಗಡ್ಡೆ ನೀವೇ ಬೇಯಿಸಿ, ಸಿಪ್ಪೆ ತೆಗೆದು, ಉಗುರುಬೆಚ್ಚಗಾದ ಮೇಲೆ ಚಿಕ್ಕವಳಿಗೆ ಕೊಡಿ, ಕೈಯಲ್ಲೇ ಹಿಸುಕಲಿ. ದೊಡ್ಡವನು ಒಂದು ಕ್ಯಾರೆಟ್ ತುರಿಯಲಿ. ಕೊನೆಯ ತುಂಡು ತುರಿಯಲು ಬಿಡಬೇಡಿ, ಬೆರಳು ತಾಗುವುದು ಆಗಲೇ. ತುರಿಯನ್ನು ಹಿಂಡಿ ನೀರು ತೆಗೆಯುವುದು ಮತ್ತೆ ಚಿಕ್ಕವಳ ಕೆಲಸ. ಇದು ಬರೀ ಆಟ ಅಲ್ಲ, ನೀರು ಉಳಿದರೆ ಬಾಣಲೆಯಲ್ಲಿ ಬಿಲ್ಲೆ ಒಡೆಯುತ್ತದೆ. ಒಂದು ಮೊಟ್ಟೆ, ಎರಡು ಮೂರು ಚಮಚ ಬ್ರೆಡ್ ಪುಡಿ, ಅರ್ಧ ಟೀ ಚಮಚ ಉಪ್ಪು ಹಾಕಿ ಕಲಸಿ, ಬಿಲ್ಲೆ ತಟ್ಟಲಿ. ಒಂದು ದಪ್ಪ, ಒಂದು ತೆಳು, ಒಂದು ಸೊಟ್ಟ ಆಗುತ್ತವೆ. ದಯವಿಟ್ಟು ತಿದ್ದಬೇಡಿ. ನಾವು ಮತ್ತೆ ತಟ್ಟಿ ಸರಿ ಮಾಡಿದರೆ ಆ ಬಿಲ್ಲೆ ನಮ್ಮದಾಗಿಬಿಡುತ್ತದೆ. ಸ್ವಲ್ಪ ಎಣ್ಣೆಯಲ್ಲಿ ಒಂದೊಂದು ಮಗ್ಗುಲಿಗೆ ಮೂರು ನಾಲ್ಕು ನಿಮಿಷ, ಮೊಟ್ಟೆ ಇರುವುದರಿಂದ ಒಳಗೂ ಬೇಯಬೇಕು. ಬಾಣಲೆ ಮಾತ್ರ ನಿಮ್ಮ ಕೈಯಲ್ಲಿರಲಿ.

ತರಕಾರಿ ವಿಷಯ. ಹೊಸ ತರಕಾರಿಯನ್ನು ಮಗು ಒಪ್ಪಿಕೊಳ್ಳಲು ಹತ್ತು ಹದಿನೈದು ಸಲ ರುಚಿ ನೋಡಬೇಕಾಗಬಹುದು, ನಾವು ಮೂರನೇ ಸಲಕ್ಕೇ ‘ಇವಳಿಗೆ ಸೇರಲ್ಲ’ ಅಂತ ತೀರ್ಮಾನ ಮಾಡಿಬಿಡುತ್ತೇವೆ. ತಿನ್ನು ಅನ್ನಬೇಡಿ. ತೊಳೆಯಲಿ, ಸುಲಿಯಲಿ, ಮೂಸಲಿ, ಹಿಂಡಲಿ. ನನ್ನ ಮೊಮ್ಮಗಳು ಬಟಾಣಿ ಬಾಯಿಗಿಟ್ಟಿದ್ದು ಸುಲಿಯುವ ಹೊತ್ತಿನಲ್ಲೇ, ತಟ್ಟೆಯಲ್ಲಿ ಹಾಕಿಕೊಟ್ಟಾಗ ಅಲ್ಲ.

ಚಾಕು ದೊಡ್ಡವನಿಗೆ ಮಾತ್ರ, ಅದೂ ಒಂದು ವಾರ ಕಳೆದ ಮೇಲೆ. ಮೊಂಡು ಚಾಕು ಕೊಟ್ಟರೆ ಕ್ಷೇಮ ಅಂತ ತುಂಬ ಜನ ಅಂದುಕೊಂಡಿದ್ದಾರೆ, ಅದು ತಪ್ಪು. ಮೊಂಡಾದರೆ ಜೋರಾಗಿ ಒತ್ತಬೇಕಾಗುತ್ತದೆ, ಒತ್ತಿದಾಗ ಜಾರುತ್ತದೆ. ಚಿಕ್ಕದಾದ, ಹರಿತವಾದ ಚಾಕು ಕೊಡಿ, ಪಕ್ಕದಲ್ಲೇ ನಿಂತಿರಿ. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಮಣೆ ಜರುಗುವುದಿಲ್ಲ. ತರಕಾರಿ ಹಿಡಿದ ಕೈಯ ಬೆರಳ ತುದಿಗಳು ಒಳಕ್ಕೆ ಮಡಚಿರಬೇಕು. ಬಾಳೆಹಣ್ಣು, ಆಮೇಲೆ ಸೌತೆಕಾಯಿ, ಬೇಯಿಸಿದ ಆಲೂಗಡ್ಡೆ, ಕೊನೆಗೆ ಕ್ಯಾರೆಟ್. ಉರುಳುವ ತರಕಾರಿಯನ್ನು ನೀವೇ ಎರಡು ಹೋಳು ಮಾಡಿ ಚಪ್ಪಟೆ ಭಾಗ ಕೆಳಗಿಟ್ಟು ಕೊಡಿ. ಚಿಕ್ಕವಳು ಬೆಣ್ಣೆ ಸವರುವ ಚಾಕುವಿನಲ್ಲಿ ಬಾಳೆಹಣ್ಣು ಹೆಚ್ಚಲಿ, ಅವಳಿಗೂ ತಾನು ಹೆಚ್ಚಿದೆ ಅನ್ನಿಸಬೇಕಲ್ಲ.

ಬೆಂಕಿಯ ವಿಷಯದಲ್ಲಿ ನಿಮ್ಮ ಭಯ ಸರಿಯಾದದ್ದೇ. ಒಲೆಯಿಂದ ಒಂದು ಮೀಟರ್ ದೂರಕ್ಕೆ ನೆಲದ ಮೇಲೆ ಬಣ್ಣದ ಟೇಪ್ ಅಂಟಿಸಿ, ಒಲೆ ಉರಿಯುವಾಗ ಚಿಕ್ಕವಳು ಅದನ್ನು ದಾಟಬಾರದು. ಪಾತ್ರೆಯ ಹಿಡಿ ಒಳಮುಖವಾಗಿರಲಿ. ಆದರೆ ನಮ್ಮ ಮನೆಯಲ್ಲಿ ಸುಟ್ಟಿದ್ದು ಬೆಂಕಿಯಿಂದಲ್ಲ, ಹಬೆಯಿಂದ. ನಾನು ಪಾತ್ರೆಯ ಮುಚ್ಚಳ ನನ್ನ ಕಡೆಯಿಂದ ಎತ್ತಿದೆ, ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಮೊಮ್ಮಗನ ಮುಂಗೈಗೆ ಹಬೆ ಬಡಿಯಿತು. ಮುಚ್ಚಳದ ಆಚೆ ಅಂಚು ಮೊದಲು ಏಳಬೇಕು, ಹಬೆ ಆಚೆಗೇ ಹೋಗುತ್ತದೆ. ಸುಟ್ಟ ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಮಕ್ಕಳ ಚರ್ಮ ತೆಳು, ಬೇಗ ಆಳಕ್ಕೆ ಸುಡುತ್ತದೆ. ಗುಳ್ಳೆ ಎದ್ದರೆ, ಮುಖಕ್ಕೋ ಕೈಗೋ ತಾಗಿದ್ದರೆ ಡಾಕ್ಟರಿಗೆ ತೋರಿಸಿಬಿಡಿ.

ಇನ್ನು ಸಣ್ಣಪುಟ್ಟ ಎಚ್ಚರಿಕೆಗಳು. ಕೈಯನ್ನು ಸೋಪಿನಲ್ಲಿ 20 ಸೆಕೆಂಡ್ ತೊಳೆಯಲಿ. ಹಸಿ ಹಿಟ್ಟು ನೆಕ್ಕಲು ಬಿಡಬೇಡಿ. ಮೊಟ್ಟೆ ಇಲ್ಲದಿದ್ದರೂ ಬೇಡ, ಬರೀ ಹಿಟ್ಟಿನಲ್ಲೂ ಕಾಯಿಲೆ ತರುವ ಕ್ರಿಮಿ ಇರಬಹುದು. ಚಿಕ್ಕವಳಿಗೆ ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ ಕೊಡಿ, ಗೋಡಂಬಿ, ಬಾದಾಮಿ, ಕಡಲೆಬೀಜದಂಥವನ್ನು ಇಡಿಯಾಗಿ ಕೊಡಬೇಡಿ, ತಿನ್ನುವಾಗ ಕೂತೇ ತಿನ್ನಲಿ. ಹಸಿದಿರುವಾಗ, ನಿದ್ದೆಯ ಹೊತ್ತಿನಲ್ಲಿ ಅಡುಗೆಗೆ ಕರೆಯಬೇಡಿ. ನಾಲ್ಕರ ಮಗುವಿಗೆ ಅರ್ಧ ಗಂಟೆ ಧಾರಾಳ ಸಾಕು. ಅಷ್ಟರಲ್ಲಿ ಆಡಲು ಹೋದರೆ ಹೋಗಲಿ, ಬಿಲ್ಲೆ ಬೇಯುವ ವಾಸನೆಗೆ ತಾನಾಗಿ ಬರುತ್ತಾಳೆ.

ಅಂದಹಾಗೆ ಮಕ್ಕಳ ಅಪ್ಪ ಅಮ್ಮನ ಹತ್ತಿರ ಅಲರ್ಜಿ ವಿಷಯ ಇವತ್ತೇ ಕೇಳಿಬಿಡಿ. ಹಾಲು ಆಗದಿದ್ದರೆ ಬೆಣ್ಣೆ ಬಿಟ್ಟು ನೇರ ಬಿಲ್ಲೆಗೆ ಹೋಗಿ. ಮೊಟ್ಟೆ ಆಗದಿದ್ದರೆ ಇಲ್ಲೇ ಬರೆಯಿರಿ, ಬಿಲ್ಲೆಗೆ ಬೇರೆ ಅಳತೆ ಹೇಳುತ್ತೇನೆ.