ನೋಡಿದ್ದನ್ನು ಬಾಯಿಬಿಟ್ಟು ಹೇಳು

ತಮ್ಮಾ, ನಿನ್ನ ಪತ್ರ ಓದಿದೆ. ಅಮೆರಿಕಕ್ಕೆ ಬಂದು ನಾಲ್ಕು ತಿಂಗಳು, ಸಂಜೆ ಹೊತ್ತು ಇಎಂಟಿ (ಆಂಬುಲೆನ್ಸ್‌ನಲ್ಲಿ ತುರ್ತು ಚಿಕಿತ್ಸೆ ಕೊಡುವವರ) ಕ್ಲಾಸು, ಬರವಣಿಗೆಯ ಪರೀಕ್ಷೆಯಲ್ಲಿ ಒಳ್ಳೆ ಅಂಕ. ಆದರೆ ಪೇಷೆಂಟ್ ಅಸೆಸ್‌ಮೆಂಟ್, ಅಂದರೆ ರೋಗಿಯನ್ನು ಪರೀಕ್ಷಿಸಿ ತೋರಿಸುವ ಪ್ರಾಕ್ಟಿಕಲ್‌ನಲ್ಲಿ ಎರಡು ಸಲ ಫೇಲು. "ಈ ದೇಶದ ಜನರ ಜೊತೆ ನನಗೆ ಆಗುತ್ತಾ ಅಕ್ಕಾ, ಬಿಟ್ಟುಬಿಡಲಾ?" ಅಂತ ಕೇಳಿದ್ದೀಯ. ಬಿಡಬೇಡ. ನಾನು ಆಂಬುಲೆನ್ಸ್ ಹತ್ತಿ ಹನ್ನೊಂದು ವರ್ಷ ಆಯ್ತು, ಮೊದಲ ಸಲ ನಾನೂ ಫೇಲಾದವಳೇ.

ನನ್ನದು ಶುರುವಾಗುವ ಮುಂಚೆಯೇ ಮುಗಿದಿತ್ತು. ರೋಗಿಯ ಹತ್ತಿರ ಹೋಗುವ ಮೊದಲು ಆ ಜಾಗ ಸುರಕ್ಷಿತವೇ ಅಂತ ನೋಡಬೇಕಲ್ಲ, ನೋಡಿದೆ. ಕೋಣೆಯೆಲ್ಲ ಕಣ್ಣಾಡಿಸಿದೆ. ಬಾಯಿಬಿಡಲಿಲ್ಲ. ಪರೀಕ್ಷಕರಿಗೆ ನನ್ನ ತಲೆಯೊಳಗಿದ್ದದ್ದು ಹೇಗೆ ಗೊತ್ತಾಗಬೇಕು? ಅದೊಂದು ತಪ್ಪಿದರೆ ಮುಂದೆ ಎಷ್ಟು ಚೆನ್ನಾಗಿ ಮಾಡಿದರೂ ಫೇಲೇ. ಮಾಡುತ್ತಾ ಮಾತಾಡುವುದು ಜಂಭ ಅನ್ನುವ ಸಂಕೋಚ ನಮ್ಮಂಥವರಿಗೆ. ನಾನು ಒಂದು ತಿಂಗಳು ಗಂಡನನ್ನು ಸೋಫಾದ ಮೇಲೆ ಮಲಗಿಸಿ, "ಗ್ಲೌಸ್ ಹಾಕಿದ್ದೇನೆ, ಜಾಗ ಸುರಕ್ಷಿತ, ರೋಗಿ ಒಬ್ಬರೇ, ಎಚ್ಚರವಾಗಿದ್ದಾರೆ, ಉಸಿರಾಟ ಸರಾಗ" ಅಂತ ಜೋರಾಗಿ ಒಪ್ಪಿಸುತ್ತಿದ್ದೆ. ಪಾಪ, ಅವರಿಗೂ ಬಾಯಿಪಾಠ ಆಗಿಹೋಯ್ತು.

ಮುಟ್ಟುವ ಮೊದಲು ಕೇಳು. ಹೆಸರು ಹೇಳಿಕೊಂಡು, ನೋಡಬಹುದಾ ಅಂತ ಕೇಳಿ, ಆಮೇಲೆ ಕೈ ಹಿಡಿ. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕರು ಬೇಡ ಅಂದರೆ, ಅಪಾಯ ಏನು ಅಂತ ವಿವರಿಸಬಹುದು, ಎತ್ತಿಕೊಂಡು ಹೋಗುವಂತಿಲ್ಲ. ಹಾಂ, ತಲೆ ಅಲ್ಲಾಡಿಸುವ ನಮ್ಮ ಅಭ್ಯಾಸ ಬಿಡು. ನಾವು ಹೂಂ ಅಂತ ಪಕ್ಕಕ್ಕೆ ತೂಗಿದ್ದು ಅವರಿಗೆ ಇಲ್ಲ ಅಂತ ಕಾಣುತ್ತದೆ. ಹಾಗೇ ಯಾರಾದರೂ 'ಐ ಫೀಲ್ ಫನ್ನಿ' ಅಂದರೆ ನಗಬೇಡ, ಏನೋ ಸರಿಯಿಲ್ಲ ಅಂತ ಅರ್ಥ.

ನೋವಿನ ವಿಚಾರದಲ್ಲಿ ಉತ್ತರವನ್ನು ನೀನೇ ಅವರ ಬಾಯಿಗೆ ತುರುಕಬೇಡ. "ಎದೆ ಹಿಂಡಿದ ಹಾಗಾಗ್ತಿದೆಯಾ?" ಅಂದರೆ ಅರ್ಧ ಜನ ಹೌದು ಅಂತಾರೆ. "ನೋವು ಹೇಗಿದೆ, ನಿಮ್ಮ ಮಾತಲ್ಲೇ ಹೇಳಿ" ಅಂತ ಕೇಳಿ ಸುಮ್ಮನಿರು. ಆ ಸುಮ್ಮನಿರುವುದೇ ಕಷ್ಟ. ಉಸಿರು ಎಣಿಸುತ್ತಿದ್ದೇನೆ ಅಂತ ಮಾತ್ರ ರೋಗಿಗೆ ಹೇಳಬೇಡ, ಹೇಳಿದರೆ ಅವರ ಉಸಿರಾಟವೇ ಬದಲಾಗುತ್ತದೆ. ನಾಡಿ ಹಿಡಿದವನ ಹಾಗೆ ಮಣಿಕಟ್ಟು ಹಿಡಿದೇ ಇದ್ದು ಎದೆ ಏಳುವುದನ್ನು 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸು. ದೊಡ್ಡವರಿಗೆ ನಿಮಿಷಕ್ಕೆ 12ರಿಂದ 20 ಇದ್ದರೆ ಸರಿ. ಚರ್ಮ ಬಿಳಿಚಿದೆಯಾ ಅಂತ ನಮ್ಮಂಥ ಕಂದು ಮೈಬಣ್ಣದವರಲ್ಲಿ ಮುಖ ನೋಡಿ ಹೇಳುವುದು ಕಷ್ಟ. ಕೆಳರೆಪ್ಪೆ ಎಳೆದು ನೋಡು, ತುಟಿಯ ಒಳಭಾಗ ನೋಡು.

ಇನ್ನು ಸ್ಯಾಂಪಲ್ (SAMPLE), ರೋಗಿಗೆ ಕೇಳಬೇಕಾದ ಪ್ರಶ್ನೆಗಳನ್ನು ನೆನಪಿಡಲು ಇಂಗ್ಲಿಷ್ ಮೊದಲಕ್ಷರಗಳಿಂದ ಮಾಡಿದ ಪದ. ಲಕ್ಷಣ, ಅಲರ್ಜಿ, ಔಷಧಿ, ಹಿಂದಿನ ಕಾಯಿಲೆ, ಕೊನೆಗೆ ತಿಂದದ್ದು, ಶುರುವಾದದ್ದು ಹೇಗೆ. ನಿನಗೆ ಬಾಯಿಪಾಠ ಇರುತ್ತದೆ, ನನಗೂ ಇತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಅಜ್ಜಿ, ಸ್ವಲ್ಪ ತಲೆಸುತ್ತು ಅಷ್ಟೇ, 'ಐ ಆಮ್ ಫೈನ್' ಅಂದರು. ನಾಡಿ 74. ನನಗೆ ನಿರಾಳವಾಯ್ತು. ಕೈ ತಣ್ಣಗಿತ್ತು, ಬೆವರಿತ್ತು, ಅದು ನನ್ನ ಬೆರಳಿಗೆ ಗೊತ್ತಾಗಿತ್ತು. ಆದರೂ ಅಂಕಿಯನ್ನು ನಂಬಿದೆ. ಜೊತೆಗಿದ್ದವಳು ಮೇಜಿನ ಮೇಲಿನ ಮಾತ್ರೆ ಡಬ್ಬಿ ತಿರುಗಿಸಿ ಓದಿದಳು: ಮೆಟೊಪ್ರೊಲಾಲ್, ಬಿಪಿಗೆ, ಹೃದಯಕ್ಕೆ ಕೊಡುವ ಮಾತ್ರೆ. ರಕ್ತ ಕಡಿಮೆಯಾದಾಗ ಹೃದಯ ಓಡಬೇಕು, ಈ ಮಾತ್ರೆ ಓಡಲು ಬಿಡುವುದಿಲ್ಲ. ಬಿಪಿ ನೋಡಿದರೆ ಮೇಲಿನದು 88. ಅವಳು ಕೇಳಿದ ಮೇಲೆ ಅಜ್ಜಿ ಹೇಳಿದರು, ಎರಡು ದಿನದಿಂದ ಮಲ ಕಪ್ಪಗೆ ಹೋಗುತ್ತಿದೆ ಅಂತ. ಹೊಟ್ಟೆಯೊಳಗೆ ರಕ್ತ ಸೋರುತ್ತಿತ್ತು. ನಾನು ಆ ಪ್ರಶ್ನೆ ಕೇಳಿರಲೇ ಇಲ್ಲ, ಅಸಹ್ಯ ಅಂತಲೋ, ವಯಸ್ಸಾದವರು ಅಂತಲೋ. ಅವರೂ ತಾವಾಗಿ ಹೇಳಲಿಲ್ಲ.

ಅವತ್ತಿನಿಂದ ನಾಚಿಕೆ ಬಿಟ್ಟೆ. ಎದೆನೋವಿನ ಗಂಡಸರು ತಮ್ಮ ಎದೆನೋವಿನ ಔಷಧಿ ನೈಟ್ರೋಗ್ಲಿಸರಿನ್ ತೆಗೆದುಕೊಳ್ಳುವ ಮೊದಲು, ಮಗಳು ಪಕ್ಕದಲ್ಲಿ ನಿಂತಿದ್ದರೂ, ವಯಾಗ್ರ ತೆಗೆದುಕೊಂಡಿದ್ದೀರಾ ಅಂತ ಕೇಳಲೇಬೇಕು. ಎರಡೂ ಸೇರಿದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಬೇಕಾದರೆ ಮಗಳನ್ನು ಮಾತ್ರೆಗಳನ್ನೆಲ್ಲ ತರಲು ಕಳಿಸು, ನಾನು ಹಾಗೇ ಮಾಡುತ್ತೇನೆ.

ಗಾಡಿ ಹತ್ತಿಸಿದ ಮೇಲೂ ಬಿಡುವಿಲ್ಲ. ರೋಗಿಯ ಸ್ಥಿತಿ ಸ್ಥಿರವಾಗಿದ್ದರೆ 15 ನಿಮಿಷಕ್ಕೊಮ್ಮೆ, ಇಲ್ಲದಿದ್ದರೆ 5 ನಿಮಿಷಕ್ಕೊಮ್ಮೆ ಮತ್ತೆ ಎಲ್ಲ ನೋಡಬೇಕು. ಇದನ್ನೂ ಪರೀಕ್ಷೆಯಲ್ಲಿ ಬಾಯಿಬಿಟ್ಟು ಹೇಳು, ಬಹಳ ಜನ ಮರೆಯುತ್ತಾರೆ.

ಮೂರನೇ ಸಲ ಕೂರುವ ಮುಂಚೆ ಒಂದು ಸಂಜೆ ಫೋನ್ ಮಾಡು. ನಾನೇ ರೋಗಿಯಾಗುತ್ತೇನೆ, ನೀನು ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತೇನೆ.