ನಾಯಕ ಸತ್ತರೂ ಸಂಘಟನೆ ಯಾಕೆ ಸಾಯಲ್ಲ?

ಪ್ರಶ್ನೆ: ಬಿನ್ ಲಾಡೆನ್ 2011ರಲ್ಲಿ ಸತ್ತ, ಅವನ ನಂತರ ನಾಯಕನಾದ ಜವಾಹಿರಿ 2022ರಲ್ಲಿ ಸತ್ತ. ಆದರೂ ಅಲ್ ಖೈದಾ ಇದೆ ಅಂತಾರೆ. ಅದನ್ನು ನಡೆಸ್ತಿರೋದು ಯಾರು?
- ಓದುಗರೊಬ್ಬರು, ತಿಪಟೂರು

ಉತ್ತರ: ಒಬ್ಬರೇ ಕೂತು ನಡೆಸುತ್ತಿಲ್ಲ. ಜವಾಹಿರಿ ಕಾಬೂಲ್‌ನಲ್ಲಿ ಡ್ರೋನ್ ದಾಳಿಗೆ ಸತ್ತು ವರ್ಷ ಕಳೆದರೂ ಮುಂದಿನ ನಾಯಕ ಯಾರು ಅಂತ ಅವರು ಘೋಷಿಸಲೇ ಇಲ್ಲ. ಕೆಲಸವೇನೂ ನಿಲ್ಲಲಿಲ್ಲ. ಬಿನ್ ಲಾಡೆನ್ ಕಾಲದಲ್ಲೂ ಹೀಗೇ ಇತ್ತು. ಪಾಕಿಸ್ತಾನದ ಅಬೊಟಾಬಾದ್‌ನಲ್ಲಿ ಅವನು ಅಡಗಿದ್ದ ಮನೆಗೆ ಫೋನೂ ಇರಲಿಲ್ಲ, ಇಂಟರ್ನೆಟ್ಟೂ ಇರಲಿಲ್ಲ. ಪತ್ರ ಟೈಪ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ನಂಬಿಕಸ್ತರ ಕೈಲಿ ಕಳಿಸಬೇಕಿತ್ತು. ಹಾಗಿದ್ದು ಸೊಮಾಲಿಯಾ, ಯೆಮನ್‌ನ ದಿನದ ವ್ಯವಹಾರ ನೋಡಿಕೊಳ್ಳೋಕೆ ಆಗುತ್ತಾ? ಬಹಳ ಕಡೆ ಮೊದಲೇ ಇದ್ದ ಗುಂಪುಗಳು ನಿಷ್ಠೆಯ ಪ್ರಮಾಣ ಮಾಡಿ ಅಲ್ ಖೈದಾ ಹೆಸರು ಪಡೆದವು. ದುಡ್ಡು ಹೊಂದಿಸೋದು ಅವರವರ ತಲೆನೋವು. ಉತ್ತರ ಆಫ್ರಿಕಾದ ಶಾಖೆ ವಿದೇಶಿಯರನ್ನು ಒತ್ತೆ ಇಟ್ಟು ಹಣ ಕೀಳುತ್ತಿತ್ತು, ಸೊಮಾಲಿಯಾದ ಅಲ್ ಶಬಾಬ್ ಲಾರಿಗಳಿಂದ, ವ್ಯಾಪಾರಿಗಳಿಂದ ಸುಂಕ ವಸೂಲು ಮಾಡುತ್ತದೆ.

ನನಗೆ ಮಜಾ ಅನಿಸೋದು ಅವರ ಲೆಕ್ಕಪತ್ರ. 2013ರಲ್ಲಿ ಮಾಲಿಯ ಟಿಂಬಕ್ಟುವಿನಿಂದ ಓಡಿಹೋಗುವಾಗ ಆ ಉತ್ತರ ಆಫ್ರಿಕಾ ಶಾಖೆಯವರು ಬಿಟ್ಟುಹೋದ ಕಾಗದಗಳಲ್ಲಿ ನೂರಕ್ಕೂ ಜಾಸ್ತಿ ರಸೀದಿಗಳು ಸಿಕ್ಕವು. ಸೋಪು, ಬಲ್ಬು, ಮ್ಯಾಕರೋನಿ, ಎಲ್ಲಕ್ಕೂ ಚೀಟಿ! ಜೊತೆಗೆ ಮೊಖ್ತಾರ್ ಬೆಲ್‌ಮೊಖ್ತಾರ್ ಎಂಬ ಕಮಾಂಡರನಿಗೆ ಮೇಲಿನವರು ಬರೆದ ಉದ್ದದ ಪತ್ರ. ಫೋನ್ ಎತ್ತಲ್ಲ, ಖರ್ಚಿನ ಲೆಕ್ಕ ಕೊಡಲ್ಲ, ಹೇಳಿದ ಮಾತು ಕೇಳಲ್ಲ ಅಂತ ದೂರಿನ ಮೇಲೆ ದೂರು. ಅವನು ಸುಮ್ನೆ ಬೈಸಿಕೊಂಡು ಕೂರಲಿಲ್ಲ, ಬೇರೆ ಗುಂಪು ಕಟ್ಟಿ 2013ರ ಜನವರಿಯಲ್ಲಿ ಅಲ್ಜೀರಿಯಾದ ಇನ್ ಅಮೆನಾಸ್ ಗ್ಯಾಸ್ ಘಟಕಕ್ಕೆ ತನ್ನವರನ್ನು ನುಗ್ಗಿಸಿದ. ಶಾಖೆಗಳು ತಮ್ಮ ಪಾಡಿಗೆ ತಾವು ನಡೆಯೋದು, ಈ ವ್ಯವಸ್ಥೆಯ ಬಲವೂ ಇದೇ, ಪೀಕಲಾಟವೂ ಇದೇ. ಇರಾಕ್‌ನ ಶಾಖೆಯೂ ಹಾಗೇ ಕೈಮೀರಿತು. 2014ರಲ್ಲಿ ಅಲ್ ಖೈದಾ ಅದಕ್ಕೂ ತನಗೂ ಸಂಬಂಧವೇ ಇಲ್ಲ ಅಂದಿತು. ಅದೇ ಇವತ್ತಿನ ಐಸಿಸ್.

ಪ್ರಶ್ನೆ: ಹಾಗಾದರೆ ನಾಯಕ ಪ್ರಭಾಕರನ್ ಸತ್ತ ಕೂಡಲೇ ಶ್ರೀಲಂಕಾದ ಎಲ್‌ಟಿಟಿಇ ಮುಗಿದದ್ದು ಹೇಗೆ?
- ಅದೇ ಓದುಗರು

ಉತ್ತರ: ಅದರ ಜಾಲವೇನೂ ಸಣ್ಣದಲ್ಲ. ಕೆನಡಾ, ಬ್ರಿಟನ್, ಸ್ವಿಟ್ಜರ್ಲೆಂಡ್‌ನ ತಮಿಳರಿಂದ ಹಣ ಬರುತ್ತಿತ್ತು (ಎಲ್ಲರೂ ಮನಸಾರೆ ಕೊಟ್ಟದ್ದಲ್ಲ, ಹೆದರಿಸಿ ಕಿತ್ತದ್ದೂ ಉಂಟು). ಆಯುಧ ತರಲು ಸ್ವಂತ ಹಡಗುಗಳಿದ್ದವು. ರಾಜೀವ್ ಗಾಂಧಿ ಹತ್ಯೆಯ ನಂತರ ಶಿವರಾಸನ್ ತಂಡ ಅಡಗಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯಲ್ಲೇ ಅಲ್ವಾ? ಆದರೆ ಎಲ್ಲ ತೀರ್ಮಾನವೂ ಪ್ರಭಾಕರನ್ ಒಬ್ಬನದೇ, ಎರಡನೇ ಸಾಲಿನ ನಾಯಕರೂ ಅವನ ಜೊತೆಗೇ ಇದ್ದರು. 2009ರ ಮೇ ತಿಂಗಳಲ್ಲಿ ಹಿಡಿತದಲ್ಲಿದ್ದ ನೆಲವೂ ಹೋಯಿತು, ಅವರೂ ಹೋದರು. ಹೊರಗಿದ್ದು ಆಯುಧ ಕೊಳ್ಳುತ್ತಿದ್ದ ಕೆ.ಪಿ. ಎಂಬಾತ ಇನ್ನು ನಾನೇ ನಾಯಕ ಅಂದ. ಆಗಸ್ಟ್‌ನಲ್ಲಿ ಮಲೇಷ್ಯಾದಲ್ಲಿ ಸಿಕ್ಕಿಬಿದ್ದ.